ಪೈನ್ ಬೀಜ: ಲೋಕಲ್, ಬ್ರೆಜಿಲ್, ಕ್ವೀನ್ಸ್‌ಲ್ಯಾಂಡ್, ಯಾವುದು ತರಲಿ?

ಕಂಪಾಲಾ_ಕನ್ನಡಿಗ
ನಮಸ್ಕಾರ. ಮೂರು ಜನ ಸೇರಿ ಉಗಾಂಡಾದ ನಕಸೊಂಗೊಲಾ ಕಡೆ 10 ಹೆಕ್ಟೇರ್ ಲೀಸಿಗೆ ತಗೊಂಡಿದ್ದೇವೆ. ಇಲ್ಲಿ ಜಾಸ್ತಿ ಜನ ಹಾಕುವ ಕೆರಿಬಿಯನ್ ಪೈನೇ, ಅಂದ್ರೆ ಅದರ ಹೊಂಡುರೆನ್ಸಿಸ್ ಅನ್ನುವ ಬಗೆ, ನಾವೂ ಹಾಕಬೇಕು ಅಂತಿದ್ದೇವೆ. ಬೀಜ ಮೂರು ಕಡೆಯದು ಸಿಗುತ್ತಿದೆ: ಇಲ್ಲಿನ ಹಳೆ ತೋಪಿನದು, ಬ್ರೆಜಿಲ್‌ದು, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ದು. ರೇಟಿನಲ್ಲಿ ಅಜಗಜಾಂತರ. ಮರ ಒಂದೇ ತಾನೇ, ಸುಮ್ನೆ ಯಾಕೆ ದುಡ್ಡು ಸುರಿಯಬೇಕು ಅಂತ ಪಾರ್ಟ್ನರ್ ಹಟ ಹಿಡಿದಿದ್ದಾನೆ.

ಪೊನ್ನಂಪೇಟೆ_ಹಳೇಹುಡುಗ
ಮೊದಲು ಲೆಕ್ಕ ಹಾಕಿ. ಉದ್ದಕ್ಕೂ ಅಡ್ಡಕ್ಕೂ 3 ಮೀಟರ್‌ಗೊಂದು ನೆಟ್ಟರೆ ಹೆಕ್ಟೇರಿಗೆ 1,111 ಸಸಿ. ಕಿಲೋದಲ್ಲಿ ಹೆಚ್ಚುಕಮ್ಮಿ 60,000 ಬೀಜ ಇರುತ್ತವೆ. ಮೊಳೆಯದಿದ್ದದ್ದು, ಸೊರಗಿದ್ದು ಎಲ್ಲಾ ಸೇರಿ ಹೆಕ್ಟೇರಿಗೆ 2,000 ಹಿಡಿದರೂ ನಿಮಗೆ 350 ಗ್ರಾಂ ಸಾಕು! ಕಳೆ ಕೀಳಿಸುವ ಕೂಲಿ ಮುಂದೆ ಇದು ಯಾವ ಖರ್ಚು?

ಇನ್ನು ಮರ ಒಂದೇ ಅನ್ನುವ ಮಾತು. ಅಡಿಕೆ ಗಿಡ ತರುವಾಗ ಯಾವ ತೋಟದ್ದು ಅಂತ ಕೇಳುತ್ತೇವೆ ಅಲ್ವಾ? ಹೊಂಡುರೆನ್ಸಿಸ್‌ನ ತವರು ಮಧ್ಯ ಅಮೆರಿಕ. ಬೆಲೀಜ್‌ನ ಮೌಂಟನ್ ಪೈನ್ ರಿಡ್ಜ್‌ನದೇ ಬೇರೆ, ಹೊಂಡುರಾಸ್‌ನ ಗುವಾನಾಹಾ ದ್ವೀಪದ್ದೇ ಬೇರೆ. ದ್ವೀಪದ್ದು ಗಾಳಿಗೆ ಗಟ್ಟಿ.

ಮಸಿಂಡಿ_ಭಟ್ಟ
ನಾನು ಲೋಕಲ್ ಬೀಜ ಹಾಕಿ ಕೈ ಸುಟ್ಟುಕೊಂಡವನು. ಒಂದು ನರ್ಸರಿಯವರು ಎಲ್ಲಿಂದ ತಂದಿದ್ದೋ ದೇವರಿಗೇ ಗೊತ್ತು. ಮೂರನೇ ವರ್ಷಕ್ಕೆ ನೋಡಿದರೆ ಅರ್ಧಕ್ಕರ್ಧ ಸೊಟ್ಟ, ಉಳಿದದ್ದರಲ್ಲಿ ಎಷ್ಟೋ ಗಿಡ ಎರಡಾಳೆತ್ತರದವರೆಗೆ ಒಂದೂ ಕೊಂಬೆ ಇಲ್ಲದೆ ಬರೀ ಸೂಜಿ ಎಲೆ ತುಂಬಿಕೊಂಡು ಬಾಟಲ್ ತೊಳೆಯುವ ಬ್ರಷ್ ಥರ ನಿಂತಿದ್ದವು. ಇದಕ್ಕೆ ಫಾಕ್ಸ್‌ಟೇಲ್ ಅನ್ನುತ್ತಾರೆ. ಜಾಗದ ಪಾಲೂ ಇದೆ, ಬೀಜದ ಪಾಲೂ ಇದೆ. ಒಂದು ಬಿರುಗಾಳಿಗೆ ಪಟಪಟ ಮುರಿದವು.

ಸಮಭಾಜಕದ ಹತ್ತಿರ ಈ ಮರಕ್ಕೆ ಕಾಯಿ ಬಂದರೂ ಒಳಗೆ ಬೀಜ ಸರಿಯಾಗಿ ಕಟ್ಟುವುದಿಲ್ಲ. ಆಮೇಲೆ ಬ್ಲೇಡಿನಲ್ಲಿ 50 ಬೀಜ ಸೀಳಿ ನೋಡಿದೆ, ಬಿಳಿ ತಿರುಳು ಇದ್ದದ್ದು 19ರಲ್ಲಿ. ಕೊಳ್ಳುವ ಮುಂಚೆ ಮಾಡಬೇಕಿದ್ದ ಕೆಲಸ.

ಬ್ರಿಸ್ಬೇನ್_ಗೌಡ
ಕ್ವೀನ್ಸ್‌ಲ್ಯಾಂಡ್‌ನವರು ಇದೇ ಮರದಲ್ಲಿ ನೆಟ್ಟಗಿರುವುದನ್ನು, ಸೈಕ್ಲೋನ್ ತಡೆಯುವುದನ್ನು ದಶಕಗಟ್ಟಲೆ ಆರಿಸಿ ಬೀಜದ ತೋಟ ಮಾಡಿದ್ದಾರೆ. ನನ್ನ ಓಟು ಅದಕ್ಕೇ. ಬ್ರೆಜಿಲ್‌ದೂ ಒಳ್ಳೆಯದೇ, ಆದರೆ ಯಾವ ತೋಟ, ಯಾವ ಲಾಟ್ ಅಂತ ಕಾಗದ ಕೇಳಿ. ಕಾಗದ ಇಲ್ಲ ಅಂದರೆ ಲೋಕಲ್‌ಗೂ ಅದಕ್ಕೂ ವ್ಯತ್ಯಾಸವೇ ಇಲ್ಲ. ಇನ್ನೊಂದು, ಸ್ಲ್ಯಾಶ್ ಪೈನ್ ಅನ್ನುವ ಬೇರೆ ಜಾತಿಯ ಪೈನ್ ಜೊತೆ ಕೂಡಿಸಿದ ಹೈಬ್ರಿಡ್ ಮರದಿಂದ ಆರಿಸಿದ ಬೀಜ ಯಾರಾದರೂ ತೋರಿಸಿದರೆ ಮುಟ್ಟಬೇಡಿ. ಗಿಡ ಒಂದೊಂದು ಒಂದೊಂದು ಥರ ಬರಬಹುದು.

ಕಂಪಾಲಾ_ಕನ್ನಡಿಗ
350 ಗ್ರಾಂ ಲೆಕ್ಕ ತೋರಿಸಿದೆ, ಪಾರ್ಟ್ನರ್ ಗಪ್‌ಚುಪ್. ಹಾಗಾದ್ರೆ ಲೋಕಲ್ ತೋಪು ಯಾವುದಕ್ಕೂ ಬರಲ್ವಾ?

ಮಸಿಂಡಿ_ಭಟ್ಟ
ಮಣ್ಣಿಗೆ ಬರುತ್ತದೆ. ಹಳೆ ಪೈನ್ ಬುಡದ ಮಣ್ಣಿನಲ್ಲಿ ಬೇರಿಗೆ ಅಂಟುವ ಶಿಲೀಂಧ್ರ ಇರುತ್ತದೆ, ಅದಿಲ್ಲದೆ ಸಸಿ ಹಳದಿಯಾಗಿ ನಿಂತುಬಿಡುತ್ತದೆ. ಸಸಿ ಬೆಳೆಸುವ ಪಾಕೆಟ್‌ಗೆ ಮಣ್ಣು ತುಂಬುವಾಗ ಹತ್ತು ಬುಟ್ಟಿಗೆ ಒಂದು ಬುಟ್ಟಿ ಬೆರೆಸಿ. ಬಿಸಿಲಿಗೆ ಒಣಗಿಸಬೇಡಿ, ತಂದ ದಿನವೇ ಹಾಕಿ.