ಮನೆಯ ಟಿವಿ ಸರ್ವರ್ ಒಂದು ಕಂಪ್ಯೂಟರ್‌ನಲ್ಲಿ ಸರಿ, ಉಳಿದವುಗಳಲ್ಲಿ ತಕರಾರು: ನಿಮ್ಮ ಅನುಭವ ಹೇಳಿ

ಗಂಗಾವತಿಯಿಂದ, ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಮೂರು ಕಂಪ್ಯೂಟರ್ ಇವೆ. ಮಹಡಿಯ ಹಳೆ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ ಮೇಲೆ ಜೆಲ್ಲಿಫಿನ್ ಹಾಕಿದ್ದೇನೆ, ಅಂದರೆ ವಿಡಿಯೊಗಳನ್ನು ಮನೆಯ ಬೇರೆ ಕಂಪ್ಯೂಟರ್‌ಗಳಿಗೆ ಕಳಿಸುವ ಸರ್ವರ್ ಸಾಫ್ಟ್‌ವೇರ್. ಸಿನಿಮಾ, ಅಕ್ಕನ ಮದುವೆ ವಿಡಿಯೊ ಎಲ್ಲಾ ಅದರಲ್ಲೇ ಇವೆ. ಅದರ ಮುಂದೆ ಕೂತು ನೋಡಿದರೆ ಏನೂ ತೊಂದರೆ ಇಲ್ಲ. ಕೆಳಗೆ ಟಿವಿಗೆ ಜೋಡಿಸಿದ ಸಣ್ಣ ಪಿಸಿಯಲ್ಲಿ ಒಂದು ದಿನ ಸರ್ವರ್ ಸಿಗುತ್ತದೆ, ಮರುದಿನ ಸಿಗುವುದಿಲ್ಲ. ತಂಗಿಯ ಲ್ಯಾಪ್‌ಟಾಪ್‌ನಲ್ಲಿ ಸಿಗುತ್ತದೆ, ಆದರೆ ಸಿನಿಮಾ ನಿಂತು ನಿಂತು ಓಡುತ್ತದೆ. ಡಿಡಿ ಚಂದನವನ್ನೂ ಇದರಿಂದಲೇ ತೋರಿಸುತ್ತೇನೆ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೇನೆ. ಜೊತೆಗೆ, ಕರೆಂಟ್ ಹೋಗಿ ಬಂದರೆ ಎಲ್ಲಾ ಮತ್ತೆ ಮೊದಲಿಂದ. ಇದನ್ನೆಲ್ಲ ದಾಟಿ ಬಂದವರು ದಯವಿಟ್ಟು ಹೇಳಿ, ಎಲ್ಲಿಂದ ಶುರು ಮಾಡಲಿ?

ಬಳ್ಳಾರಿಯಿಂದ:

ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕುವ ಕೆಲಸಕ್ಕೆ ಕೈ ಹಾಕಬೇಡಿ. ನಾನು ನಾಲ್ಕು ಸಲ ಹಾಗೆ ಮಾಡಿದೆ, ಎರಡು ಭಾನುವಾರ ಹೋದವು, ಏನೂ ಬದಲಾಗಲಿಲ್ಲ. ಮೊದಲು ಕೆಳಗಿನ ಪಿಸಿಯ ಬ್ರೌಸರ್‌ನಲ್ಲಿ ಸರ್ವರ್‌ನ ಐಪಿ ವಿಳಾಸ ಹೊಡೆದು, ಅದರ ಮುಂದೆ ಕೋಲನ್ ಇಟ್ಟು 8096 ಹಾಕಿ. ಲಾಗಿನ್ ಪುಟ ಬಂತು ಅಂದರೆ ಸರ್ವರ್ ಸರಿಯಾಗಿದೆ, ಆಪ್‌ಗೆ ಅದನ್ನು ಹುಡುಕಲು ಆಗುತ್ತಿಲ್ಲ ಅಷ್ಟೇ. ಬರಲಿಲ್ಲ ಅಂದರೆ ನನಗೆ ಎರಡು ಅನುಮಾನ. ರೂಟರ್ ಸರ್ವರ್‌ಗೆ ಆಗಾಗ ಬೇರೆ ವಿಳಾಸ ಕೊಡುತ್ತಿರಬಹುದು. ರೂಟರ್‌ನ ಡಿಎಚ್‌ಸಿಪಿ (ವಿಳಾಸ ಹಂಚುವ ವ್ಯವಸ್ಥೆ) ಪುಟದಲ್ಲಿ ಅದಕ್ಕೆ ಒಂದೇ ವಿಳಾಸ ಕಾಯಂ ಮಾಡಿ. ಇಲ್ಲವೇ ವಿಂಡೋಸ್ ನಿಮ್ಮ ಮನೆ ನೆಟ್‌ವರ್ಕನ್ನು 'ಪಬ್ಲಿಕ್' ಅಂತ ಗುರುತಿಸಿಕೊಂಡಿರಬಹುದು. ಆಗ ಫೈರ್‌ವಾಲ್ ಬೇರೆ ಕಂಪ್ಯೂಟರ್‌ಗಳನ್ನು ಒಳಗೆ ಬಿಡುವುದಿಲ್ಲ. 'ಪ್ರೈವೇಟ್' ಮಾಡಿ. ಫೈರ್‌ವಾಲನ್ನೇ ಪೂರ್ತಿ ಆಫ್ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಸಿಂಧನೂರಿನಿಂದ:

'ಒಂದು ದಿನ ಸಿಗುತ್ತದೆ, ಮರುದಿನ ಇಲ್ಲ' ಅಂತ ಓದಿದಾಗ ಇದು ನಮ್ಮನೆ ಕತೆಯೇ ಅನ್ನಿಸಿತು. ನಿಮ್ಮಲ್ಲಿ ಎರಡು ರೂಟರ್ ಇವೆಯಾ ನೋಡಿ. ಇಂಟರ್ನೆಟ್‌ನವರು ಕೊಟ್ಟ ಫೈಬರ್ ಪೆಟ್ಟಿಗೆ ಕೆಳಗೆ. ಮಹಡಿಗೆ ಸಿಗ್ನಲ್ ಸಾಲದು ಅಂತ ತಂದ ಇನ್ನೊಂದು ಮೇಲೆ. ಎರಡಕ್ಕೂ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್. ನಮ್ಮಲ್ಲಿ ಹೀಗೇ ಇತ್ತು.

ಟಿವಿ ಪಿಸಿಯಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ (ipconfig) ಅಂತ ಕೊಟ್ಟು ಬಂದ ನಂಬರ್‌ಗಳನ್ನು ಕ್ಯಾಲೆಂಡರ್ ಹಾಳೆಯ ಮೇಲೆ ಬರೆಯುತ್ತಾ ಹೋದೆ. ಸರ್ವರ್ ಸಿಕ್ಕ ದಿನ 192.168.0.14. ಸಿಗದ ದಿನ 192.168.1.7. ಚುಕ್ಕಿಗಳ ನಡುವಿನ ಮೂರನೇ ಸಂಖ್ಯೆ ಬೇರೆ ಆಗಿದೆ, ಅಲ್ವಾ? ಪಿಸಿ ಒಂದು ದಿನ ಮೇಲಿನ ರೂಟರ್ ಹಿಡಿಯುತ್ತಿತ್ತು, ಇನ್ನೊಂದು ದಿನ ಕೆಳಗಿನದು. ಎರಡನೇ ರೂಟರ್ ತನ್ನದೇ ಬೇರೆ ಓಣಿ, ಅಂದರೆ ಬೇರೆ ನೆಟ್‌ವರ್ಕ್, ಮಾಡಿಕೊಂಡಿರುತ್ತದೆ. ಆ ಓಣಿಯವರು ಹೊರಗೆ ಹೋಗಬಹುದು, ಹೊರಗಿನವರಿಗೆ ಒಳಗೆ ಬರಲು ದಾರಿ ಇಲ್ಲ. ನಮ್ಮ ಸರ್ವರ್ ಆ ಓಣಿಯ ಒಳಗೆ ಕೂತಿತ್ತು.

ಮೇಲಿನ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಆಗ ಅದು ಬೇರೆ ಓಣಿ ಮಾಡದೆ ಬರೀ ವೈಫೈ ಕೊಡುತ್ತದೆ. ಆ ಆಯ್ಕೆ ಇಲ್ಲದಿದ್ದರೆ ಅದರ ವಿಳಾಸವನ್ನು ಕೆಳಗಿನ ರೂಟರ್‌ನ ಸಾಲಿನಲ್ಲೇ ಬೇರೆ ಯಾರಿಗೂ ಕೊಡದ ನಂಬರ್‌ಗೆ ಬದಲಿಸಿ, ಅದರ ಡಿಎಚ್‌ಸಿಪಿ ಆಫ್ ಮಾಡಿ, ಕೆಳಗಿನಿಂದ ಬಂದ ಕೇಬಲನ್ನು ವ್ಯಾನ್ ತೂತಿನಿಂದ ತೆಗೆದು ಲ್ಯಾನ್ ತೂತಿಗೆ ಚುಚ್ಚಿ. ಇದಾದ ಮೇಲೆಯೇ ಬಳ್ಳಾರಿಯವರು ಹೇಳಿದ ಕಾಯಂ ವಿಳಾಸ ಮಾಡಿ, ಅದೂ ಕೆಳಗಿನ ಪೆಟ್ಟಿಗೆಯಲ್ಲಿ.

ರಾಯಚೂರಿನಿಂದ:

ತಮ್ಮಾ, ತಂಗಿಯ ಲ್ಯಾಪ್‌ಟಾಪ್ ವಿಷಯಕ್ಕೆ ಬರುತ್ತೇನೆ. ಸಿನಿಮಾ ಓಡುವಾಗ ಸರ್ವರ್‌ನ ಡ್ಯಾಶ್‌ಬೋರ್ಡ್ ತೆರೆದು ನೋಡು. 'ಟ್ರಾನ್ಸ್‌ಕೋಡಿಂಗ್' ಅಂತ ಬರೆದಿದ್ದರೆ ಹಳೆ ಡೆಸ್ಕ್‌ಟಾಪ್ ವಿಡಿಯೊವನ್ನು ಕೂತಲ್ಲೇ ಹೊಸದಾಗಿ ಮಾಡಿ ಕಳಿಸುತ್ತಿದೆ ಅಂತ ಅರ್ಥ. ಎಚ್‌ಇವಿಸಿ (ವಿಡಿಯೊ ಕುಗ್ಗಿಸುವ ಒಂದು ಬಗೆ) ಫೈಲನ್ನು ಬ್ರೌಸರ್‌ನಲ್ಲಿ ನೋಡಿದರೆ ಹೀಗಾಗುವುದು ಜಾಸ್ತಿ. ಬ್ರೌಸರ್ ಬಿಟ್ಟು ಜೆಲ್ಲಿಫಿನ್‌ನ ಸ್ವಂತ ಆಪ್ ಅಥವಾ ಕೋಡಿ ಅನ್ನುವ ಪ್ಲೇಯರ್ ಹಾಕು. ಸಾಮಾನ್ಯವಾಗಿ ಫೈಲ್ ಇದ್ದ ಹಾಗೇ ಹೋಗುತ್ತದೆ, ಸರ್ವರ್‌ಗೆ ಸುಮ್ನೆ ಕಳಿಸುವ ಕೆಲಸ ಮಾತ್ರ. ಸಬ್‌ಟೈಟಲ್ ಕೂಡ ನೋಡಿಕೋ. ಬ್ಲೂರೇಯಿಂದ ಬಂದವು ಅಕ್ಷರವಲ್ಲ, ಚಿತ್ರ. ಅವನ್ನು ಆನ್ ಮಾಡಿದ ಕೂಡಲೇ ಕೆಲವು ಸಲ ಇಡೀ ವಿಡಿಯೊ ಮತ್ತೆ ಕಟ್ಟಬೇಕಾಗುತ್ತದೆ. ಬರೀ ಅಕ್ಷರ ಇರುವ ಎಸ್‌ಆರ್‌ಟಿ ಫೈಲ್ ಹಗುರ. ಕನ್ನಡ ಸಬ್‌ಟೈಟಲ್ ಜಾಗದಲ್ಲಿ ಬರೀ ಚೌಕಗಳು ಬಂದರೆ ಫೈಲ್ ಕೆಟ್ಟಿದೆ ಅಂತ ಅಳಿಸಬೇಡ. ಕನ್ನಡ ಫಾಂಟ್ ಇಲ್ಲ ಅಷ್ಟೇ.

ಸಿರುಗುಪ್ಪದಿಂದ:

ಕೋಡಿ ಹಾಕುವುದಾದರೆ ಒಂದು ಮಾತು. ಸರ್ವರ್ ಮೇಲೆ ಕೂತು 'ಡಿ' ಡ್ರೈವ್ ಅಂತ ದಾರಿ ಕೊಟ್ಟರೆ ಉಳಿದ ಕಂಪ್ಯೂಟರ್‌ಗಳಿಗೆ ಆ 'ಡಿ' ಗೊತ್ತಿರುವುದಿಲ್ಲ. ಎಲ್ಲಾ ಕಡೆ ಒಂದೇ ನೆಟ್‌ವರ್ಕ್ ದಾರಿ ಕೊಡಿ. ಜೆಲ್ಲಿಫಿನ್ ವಿಂಡೋಸ್‌ನ ಸರ್ವಿಸ್ ಆಗಿ (ಹಿನ್ನೆಲೆಯಲ್ಲಿ ತಾನೇ) ಓಡುತ್ತಿದ್ದರೆ ನೀವು ಮ್ಯಾಪ್ ಮಾಡಿದ 'ಝಡ್' ಡ್ರೈವ್ ಕೂಡ ಅದಕ್ಕೆ ಕಾಣುವುದಿಲ್ಲ. ಇದು ಗೊತ್ತಾಗಲು ನನಗೆ ವಾರ ಬೇಕಾಯಿತು.

ಕೊಪ್ಪಳದಿಂದ:

ಅಮ್ಮನ ಚಂದನಕ್ಕೆ ನನ್ನ ದಾರಿ ಇದು. ಡಿಡಿ ಫ್ರೀ ಡಿಶ್‌ನ ಡಿಶ್, ಅಂದರೆ ಜಿಸ್ಯಾಟ್-15 ಉಪಗ್ರಹದ ಕಡೆ ತಿರುಗಿಸಿದ್ದು. ಕಂಪ್ಯೂಟರ್ ಒಳಗೆ ಉಪಗ್ರಹ ಟಿವಿ ಸಿಗ್ನಲ್ ಹಿಡಿಯುವ ಒಂದು ಡಿವಿಬಿ-ಎಸ್2 ಟ್ಯೂನರ್ ಕಾರ್ಡ್. ಆ ಕಂಪ್ಯೂಟರ್‌ನಲ್ಲಿ ಲಿನಕ್ಸ್, ಅದರಲ್ಲಿ ಚಾನೆಲ್‌ಗಳನ್ನು ಮನೆಯ ನೆಟ್‌ವರ್ಕ್‌ಗೆ ಹಂಚುವ ಟಿವಿಹೆಡ್‌ಎಂಡ್ ಸಾಫ್ಟ್‌ವೇರ್. ಬ್ರೌಸರ್‌ನಲ್ಲಿ 9981 ಪೋರ್ಟ್, ಕೋಡಿಗೆ 9982. ಎರಡನ್ನೂ ಫೈರ್‌ವಾಲ್‌ನಲ್ಲಿ ಬಿಡಬೇಕು. ಕಾರ್ಡ್ ಕೊಳ್ಳುವ ಮುಂಚೆ ಲಿನಕ್ಸ್‌ನಲ್ಲಿ ಅದರ ಡ್ರೈವರ್ ಇದೆಯಾ ಅಂತ ಖಚಿತ ಮಾಡಿಕೊಳ್ಳಿ.

ಮನೆಯವರಿಗೆ ಒಂದು ವಿಷಯ ಮೊದಲೇ ತಿಳಿಸಿ. ಒಂದು ಟ್ಯೂನರ್ ಒಂದು ಹೊತ್ತಿಗೆ ಒಂದೇ ಟ್ರಾನ್ಸ್‌ಪಾಂಡರ್ (ಉಪಗ್ರಹದ ಒಂದು ಪ್ರಸಾರ ಗುಂಪು) ಹಿಡಿಯುತ್ತದೆ. ಒಂದರಲ್ಲಿ ಹಲವು ಚಾನೆಲ್ ಇರುತ್ತವೆ, ಅವನ್ನು ಮೂರು ಕಂಪ್ಯೂಟರ್‌ನಲ್ಲೂ ನೋಡಬಹುದು. ಬೇರೆ ಟ್ರಾನ್ಸ್‌ಪಾಂಡರ್‌ನ ಚಾನೆಲ್ ಕೇಳಿದರೆ ಇನ್ನೊಬ್ಬರದು ನಿಲ್ಲುತ್ತದೆ, ಇಲ್ಲ ನಿಮಗೆ ಸಿಗುವುದಿಲ್ಲ. ನಮ್ಮಲ್ಲಿ ಅಜ್ಜಿಯ ಭಕ್ತಿಗೀತೆ ಹೀಗೆ ನಡುವೆ ನಿಂತಾಗ ಎರಡನೇ ಟ್ಯೂನರ್ ತಂದೆ. ರೆಕಾರ್ಡಿಂಗ್‌ಗೆ ಜಾಗದ ಲೆಕ್ಕವೂ ಇರಲಿ. ಸೆಕೆಂಡಿಗೆ 4 ಮೆಗಾಬಿಟ್ ಬರುವ ಚಾನೆಲ್ ಗಂಟೆಗೆ 1.8 ಜಿಬಿ ತಿನ್ನುತ್ತದೆ.

ಮಾನ್ವಿಯಿಂದ:

ಕರೆಂಟ್ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ. ಇನ್ವರ್ಟರ್ ಹಿಂದೆ 'ಯುಪಿಎಸ್ ಮೋಡ್' ಸ್ವಿಚ್ ಇದ್ದರೆ ಅದಕ್ಕೆ ಹಾಕಿ. ಸಾದಾ ಮೋಡ್‌ನಲ್ಲಿ ಕರೆಂಟ್‌ನಿಂದ ಬ್ಯಾಟರಿಗೆ ಬದಲಾಗುವ ಕ್ಷಣಕ್ಕೆ ಪಿಸಿ ರೀಸ್ಟಾರ್ಟ್ ಆಗಬಹುದು. ಬಯಾಸ್‌ನಲ್ಲಿ (ಪಿಸಿ ಆನ್ ಮಾಡಿದ ಕೂಡಲೇ ಹೋಗಬಹುದಾದ ಸೆಟ್ಟಿಂಗ್ ಪುಟ) ಕರೆಂಟ್ ಬಂದ ಮೇಲೆ ತಾನೇ ಆನ್ ಆಗುವ ಆಯ್ಕೆ ಇರುತ್ತದೆ, ಆನ್ ಮಾಡಿ. ಹಳೆ ಮದರ್‌ಬೋರ್ಡ್ ಆದರೆ ಅದರ ಮೇಲಿನ ಸಿಆರ್2032 ಬಟನ್ ಸೆಲ್ ಬದಲಿಸಿ. ಸೆಲ್ ಸತ್ತರೆ ಗಡಿಯಾರ ಹಿಂದೆ ಹೋಗುತ್ತದೆ, ರೆಕಾರ್ಡಿಂಗ್ ತಪ್ಪು ಹೊತ್ತಿಗೆ ಶುರುವಾಗುತ್ತದೆ. ನಮ್ಮ ಕಡೆಯ ಬೇಸಿಗೆ ಗೊತ್ತಲ್ಲ, ಮೇಲಿನ ಮನೆ ಕಾದ ಹೆಂಚು. ಸರ್ವರನ್ನು ಅಲ್ಲಿಂದ ಕೆಳಗೆ ಇಳಿಸಿ, ಬಾಗಿಲಿರುವ ಕಪಾಟಿನಲ್ಲಿ ಮಾತ್ರ ಇಡಬೇಡಿ.

ಗಂಗಾವತಿಯಿಂದ, ಮತ್ತೆ:

ಸಿಂಧನೂರಿನ ಅಣ್ಣ, ನೀವು ಹೇಳಿದ್ದೇ ನಿಜ. ಎರಡು ರೂಟರ್, ಒಂದೇ ಹೆಸರು. ನಿನ್ನೆ ರಾತ್ರಿ ಕೇಬಲ್ ಬದಲಿಸಿದೆ, ಈಗ ಮೂರೂ ಕಂಪ್ಯೂಟರ್‌ಗೆ 192.168.1 ಅಂತಲೇ ಬರುತ್ತಿದೆ. ರಾಯಚೂರಿನ ಅಕ್ಕ, ತಂಗಿ ಬ್ರೌಸರ್‌ನಲ್ಲೇ ನೋಡುತ್ತಿದ್ದಳು. ಆಪ್ ಹಾಕಿದ ಮೇಲೆ ಮದುವೆ ವಿಡಿಯೊ ಧಾರೆಯಿಂದ ಊಟದವರೆಗೆ ಒಂದು ಸಲವೂ ನಿಲ್ಲಲಿಲ್ಲ. ಸರ್ವರ್ ಈಗ ಕೆಳಗೆ, ಫ್ಯಾನ್ ಗಾಳಿ ಬೀಳುವ ಮೂಲೆಯಲ್ಲಿದೆ. ಡಿಶ್ ಕೂರಿಸುವವರು ಗುರುವಾರ ಬರುತ್ತಾರೆ. ಕೊಪ್ಪಳದವರೇ, ಕಾರ್ಡ್ ಆರಿಸುವಾಗ ನಿಮ್ಮನ್ನು ಮತ್ತೆ ಕೇಳುತ್ತೇನೆ.