ಹಳೇ .32 ರಿವಾಲ್ವರ್: ಹೊಳಪು ಚೆನ್ನಾಗಿದೆ, ಸಿಲಿಂಡರ್ ಅಲ್ಲಾಡುತ್ತಿದೆ. ಕೊಳ್ಳಬಹುದಾ?

ಹೊಸನಗರದ ಅಡಿಕೆ:

ಎಲ್ಲರಿಗೂ ನಮಸ್ಕಾರ. ನನ್ನದು ಹೊಸನಗರದ ಹತ್ತಿರ ಅಡಿಕೆ ತೋಟ. ಅಪ್ಪನ ಕಾಲದ ಜೋಡುನಳಿಗೆ ಕೋವಿ ಬೆಳೆ ರಕ್ಷಣೆಗೆಂದು ನನ್ನ ಲೈಸೆನ್ಸಿನಲ್ಲಿದೆ. ಈಗ .32 ರಿವಾಲ್ವರ್ ಕೊಳ್ಳಲು ಡಿಸಿ ಕಚೇರಿಯಿಂದ ಅನುಮತಿ ಸಿಕ್ಕಿದೆ. ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರು ವಯಸ್ಸಾಯಿತು ಅಂತ ತಮ್ಮದನ್ನು ಮಾರುತ್ತಿದ್ದಾರೆ. ವೆಬ್ಲಿ, ಇಂಗ್ಲೆಂಡಿನದು ಎನ್ನುತ್ತಾರೆ. ನಮ್ಮ ಕೋವಿಯ ಹಾಗೆ ನಳಿಗೆ ಮುಂದಕ್ಕೆ ಮಡಚಿ ತೆರೆಯುವ ಮಾದರಿ. ನೋಡಲು ಹೊಚ್ಚ ಹೊಸದರ ಹಾಗಿದೆ, ಕಡುಕಪ್ಪು ಬಣ್ಣ. ಕಾನ್ಪುರದ ಸರ್ಕಾರಿ ಕಾರ್ಖಾನೆಯ ಹೊಸ ರಿವಾಲ್ವರಿಗಿಂತಲೂ ಜಾಸ್ತಿ ಬೆಲೆ ಹೇಳುತ್ತಿದ್ದಾರೆ.

ಕೈಗೆ ತೆಗೆದುಕೊಂಡಾಗ ಎರಡು ವಿಷಯ ಅನುಮಾನ ತಂದವು. ಸಿಲಿಂಡರ್, ಅಂದರೆ ಗುಂಡು ತುಂಬುವ ತಿರುಗುವ ಭಾಗ, ಸ್ವಲ್ಪ ಅಲ್ಲಾಡುತ್ತದೆ. ಹ್ಯಾಮರ್ ನಿಧಾನವಾಗಿ ಹಿಂದಕ್ಕೆ ಎಳೆದರೆ ಒಂದೆರಡು ಕೋಣೆಗಳಲ್ಲಿ (ಗುಂಡು ಕೂರುವ ತೂತುಗಳಲ್ಲಿ) ‘ಟಕ್’ ಎಂಬ ಸದ್ದು ಬರುವುದಿಲ್ಲ. ಇದು ಹಳೆಯದಾದ್ದಕ್ಕೆ ಸಹಜವಾ, ದೋಷವಾ? ಈ ಬೆಲೆಗೆ ಯೋಗ್ಯವಾ? ತಿಳಿದವರು ಹೇಳಿ.

ತುಂಗಾತೀರ:

ಸರ್, ಒಳ್ಳೆಯ ಸಮಯಕ್ಕೆ ಕೇಳಿದಿರಿ. ಮುಂಗಡ ಕೊಟ್ಟಿಲ್ಲ ತಾನೇ? ಕೊಡಬೇಡಿ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು. ಕೋವಿ ಒಂದಾಯಿತು, ಇದು ನಿಮ್ಮ ಎರಡನೆಯದು, ಕೊನೆಯದೂ ಹೌದು. ಹಾಳಾದದ್ದನ್ನು ಕೊಂಡರೆ ಆ ಜಾಗ ತುಂಬಿಹೋಗುತ್ತದೆ. ಮತ್ತೆ ಮಾರಿ ಬೇರೆ ತೆಗೆದುಕೊಳ್ಳುವುದು ಸುಮ್ನೆ ಆಗುವ ಕೆಲಸ ಅಲ್ಲ.

ಎಲ್ಲಕ್ಕಿಂತ ಮೊದಲು ಬೋರ್, ಅಂದರೆ ನಳಿಗೆಯ ಒಳ ಅಳತೆ, ಖಚಿತಪಡಿಸಿಕೊಳ್ಳಿ. ಮಲೆನಾಡಿನ ಹಳೇ ಎಸ್ಟೇಟ್ ಮನೆಗಳಲ್ಲಿ ವೆಬ್ಲಿ ಅಂದರೆ .455 ಅಥವಾ .38 ಕೂಡ ಆಗಿರಬಹುದು. .38ರ ವೆಬ್ಲಿ ಮತ್ತು .32ರ ವೆಬ್ಲಿ ನೋಡಲು ಒಂದೇ ಥರ. .380 (.38ರ ವೆಬ್ಲಿಗೆ ಹಾಕುವುದು ಇದನ್ನೇ) ಅಥವಾ .455 ಗುಂಡು ಹಿಡಿಯುವ ರಿವಾಲ್ವರ್ ನಮ್ಮಲ್ಲಿ ನಿಷೇಧಿತ ಬೋರ್. ನಿಮ್ಮ ಲೈಸೆನ್ಸಿನಲ್ಲಿ ಅದು ಬರುವುದೇ ಇಲ್ಲ. ನಳಿಗೆ ಮೇಲಿನ ಅಕ್ಷರ ಓದಿ. .32ರ ಗುಂಡಿನ ಅಗಲ 8 ಮಿ.ಮೀ.ಗಿಂತ ಚೂರು ಕಡಿಮೆ, .38ರದ್ದು 9 ಮಿ.ಮೀ.ಗಿಂತ ಚೂರು ಜಾಸ್ತಿ. ನಳಿಗೆಯ ಬಾಯಿಗೆ ಕ್ಯಾಲಿಪರ್ ಇಟ್ಟರೆ ಗೊತ್ತಾಗುತ್ತದೆ.

ಆಮೇಲೆ ಹೊಳಪಿನ ವಿಷಯ. ನಿಮ್ಮ ಪ್ರಶ್ನೆಯಲ್ಲಿ ನನಗೆ ಭಯ ಹುಟ್ಟಿಸಿದ್ದೇ ಅದು. ನಮ್ಮ ಮಳೆಗಾಲ ದಾಟಿ ಬಂದ ಹಳೇ ಉಕ್ಕು ಅಷ್ಟು ಕಪ್ಪಗೆ ಉಳಿಯುವುದು ಅಪರೂಪ. ಚರ್ಮದ ಚೀಲದಲ್ಲಿ ಇಟ್ಟರಂತೂ ಚರ್ಮವೇ ತೇವ ಹೀರಿಕೊಂಡು ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಚುನಾವಣೆ ಬಂದಾಗಲೆಲ್ಲ ಠಾಣೆಯಲ್ಲೋ ಗನ್ ಅಂಗಡಿಯಲ್ಲೋ ಜಮಾ ಮಾಡಿ ವಾರಗಟ್ಟಲೆ ಬಿಟ್ಟದ್ದೂ ಇರುತ್ತದೆ. ಆದ್ದರಿಂದ ಮತ್ತೆ ಬಣ್ಣ ಹಾಕಿಸಿದ್ದಾರಾ ನೋಡಿ. ಅಂಚುಗಳು ಚೂಪಾಗಿರದೆ ದುಂಡಗಾಗಿದ್ದರೆ, ಅಕ್ಷರಗಳು ಅರ್ಧ ಅಳಿಸಿದ್ದರೆ, ಸ್ಕ್ರೂ ತೂತಿನ ಸುತ್ತ ತಗ್ಗಾಗಿದ್ದರೆ ಉಜ್ಜಿ ಬಣ್ಣ ಹಾಕಿದ್ದಾರೆ ಎಂದೇ ಅರ್ಥ. ಬಣ್ಣದ ಕೆಳಗೆ ಸಣ್ಣ ಸಣ್ಣ ಗುಳಿ ಕಂಡರೆ ಮೊದಲು ತುಕ್ಕು ತಿಂದಿತ್ತು. ಹಿಡಿಯ ಪಟ್ಟಿ ಬಿಚ್ಚಿ ನೋಡಲು ಮಾಲೀಕರನ್ನೇ ಕೇಳಿ. ತೇವ ನಿಲ್ಲುವುದು ಅಲ್ಲಿಯೇ, ಪಾಲಿಶ್ ಮಾಡುವವರು ಬಿಡುವುದೂ ಅಲ್ಲಿಯೇ.

ಈಗ ಸಿಲಿಂಡರ್. ರಿವಾಲ್ವರ್ ತೆರೆದು ಆರೂ ಕೋಣೆ ಖಾಲಿ ಎಂದು ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ. ಮಾಲೀಕರೂ ನೋಡಲಿ. ನಂತರ ಮುಚ್ಚಿ. ವೆಬ್ಲಿಯಲ್ಲಿ ಸುಮ್ನೆ ಇದ್ದಾಗ ಸಿಲಿಂಡರ್ ಸ್ವಲ್ಪ ಅಲ್ಲಾಡುವುದು ಸಹಜ, ಅದಕ್ಕೆ ಹೆದರಬೇಡಿ. ಟ್ರಿಗರ್ ಪೂರ್ತಿ ಎಳೆದು ಹಿಡಿದುಕೊಂಡಾಗ ಮಾತ್ರ ಅದು ಬಿಗಿಯಾಗಿ ನಿಲ್ಲಬೇಕು. ಆಗಲೂ ಎಡಬಲಕ್ಕೆ ಆಡಿದರೆ ಸವೆತ. ಈ ಪರೀಕ್ಷೆಗೆ ಕೋಣೆಗಳಲ್ಲಿ ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ನಕಲಿ ತೋಟಾ) ಅಥವಾ ಹಾರಿಸಿದ ಖಾಲಿ ತೋಟಾ ಹಾಕಿಕೊಳ್ಳಿ, ಹ್ಯಾಮರಿನ ಮೊನೆಗೆ ಪೆಟ್ಟಾಗುವುದಿಲ್ಲ.

‘ಟಕ್’ ಬರುತ್ತಿಲ್ಲ ಎಂದಿರಲ್ಲ, ಅದು ಟೈಮಿಂಗ್. ಒಂದು ಬೆರಳನ್ನು ಸಿಲಿಂಡರಿನ ಪಕ್ಕಕ್ಕೆ ಮೆಲ್ಲಗೆ ಒತ್ತಿ ಹಿಡಿದು, ಹ್ಯಾಮರ್ ನಿಧಾನಕ್ಕೆ ಎಳೆಯಿರಿ. ಹ್ಯಾಮರ್ ಪೂರ್ತಿ ನಿಲ್ಲುವ ಹೊತ್ತಿಗೆ ಸಿಲಿಂಡರ್ ತನ್ನ ಜಾಗಕ್ಕೆ ಬಂದು ಸಿಕ್ಕಿಕೊಂಡಿರಬೇಕು. ಆರು ಕೋಣೆಗೂ ಬೇರೆ ಬೇರೆಯಾಗಿ ಮಾಡಿ, ಯಾವುದು ತಡ ಎಂದು ಬರೆದುಕೊಳ್ಳಿ. ಕೋಣೆ ಸರಿಯಾಗಿ ನಳಿಗೆ ಎದುರು ಬರದೆ ಗುಂಡು ಹಾರಿದರೆ ಸೀಸ ಕೆರೆದು ಪಕ್ಕಕ್ಕೆ ಸಿಡಿಯುತ್ತದೆ. ಪಕ್ಕದಲ್ಲಿ ನಿಂತವರ ಕಣ್ಣಿಗೆ ಅಪಾಯ. ಹಾಗಾಗಿ ಇದನ್ನು ‘ಹಳೆಯದು, ಇರಲಿ ಬಿಡಿ’ ಎನ್ನುವ ಹಾಗಿಲ್ಲ.

ಸಿಲಿಂಡರ್ ಮತ್ತು ನಳಿಗೆ ನಡುವಿನ ಸಂದನ್ನೂ ಅಳೆಯಿರಿ. ಬೈಕ್ ಗ್ಯಾರೇಜಿನಲ್ಲಿ ಟ್ಯಾಪೆಟ್ ಹೊಂದಿಸುವ ಫೀಲರ್ ಗೇಜ್ ಸಾಕು. 0.10ರಿಂದ 0.20 ಮಿ.ಮೀ. ಒಳ್ಳೆಯದು. 0.25 ದಾಟಿದರೆ ಯೋಚಿಸಿ. ಸಿಲಿಂಡರನ್ನು ಮುಂದಕ್ಕೆ ತಳ್ಳಿ ಒಮ್ಮೆ, ಹಿಂದಕ್ಕೆ ತಳ್ಳಿ ಒಮ್ಮೆ ಅಳೆಯಿರಿ. ಎರಡರ ವ್ಯತ್ಯಾಸವೇ ಹಿಂದೆಮುಂದೆ ಆಡುವ ಸವೆತ.

ಮಡಚುವ ಕೀಲು, ಮೇಲಿನ ಲ್ಯಾಚ್ ಎರಡೂ ನೋಡಿ. ಮುಚ್ಚಿದ ಮೇಲೆ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ನಳಿಗೆ ಹಿಡಿದು ಅಲ್ಲಾಡಿಸಿ. ಸಡಿಲವಾದ ಕೋವಿಯ ಬಗ್ಗೆ ನಿಮಗೆ ಹೇಳಿಕೊಡಬೇಕಿಲ್ಲ, ಇದೂ ಅದೇ. ನಳಿಗೆಯೊಳಗೆ ಟಾರ್ಚ್ ಬಿಟ್ಟಾಗ ಅಡ್ಡಲಾಗಿ ಕಪ್ಪು ಉಂಗುರ ಕಂಡರೆ ಅಲ್ಲಿಗೇ ಬಿಡಿ. ಥಂಡಿ ಹಿಡಿದ ಹಳೇ ತೋಟಾದಿಂದ ಗುಂಡು ನಳಿಗೆಯಲ್ಲೇ ನಿಂತು, ಹಿಂದೆ ಇನ್ನೊಂದು ಹಾರಿಸಿದಾಗ ನಳಿಗೆ ಉಬ್ಬಿದ ಗುರುತು ಅದು. ಅದನ್ನು ರಿಪೇರಿ ಮಾಡಲಾಗುವುದಿಲ್ಲ.

ಸಾಗರದವ:

ತುಂಗಾತೀರ ಅಣ್ಣ ಹೇಳಿದ್ದಕ್ಕೆ ಕಾಗದದ ವಿಷಯ ಸೇರಿಸುತ್ತೇನೆ. ಮಾರುವವರ ಲೈಸೆನ್ಸ್ ಚಾಲ್ತಿಯಲ್ಲಿದೆಯಾ, ಅದರಲ್ಲಿ ಬರೆದ ನಂಬರೂ ರಿವಾಲ್ವರ್ ಮೇಲಿನ ನಂಬರೂ ಒಂದೇನಾ ನೋಡಿ. ಖಾಸಗಿಯಾಗಿ ಮಾರುವುದಾದರೆ ಅವರು ಜಿಲ್ಲಾಧಿಕಾರಿಗೆ ಅಥವಾ ಹತ್ತಿರದ ಠಾಣಾಧಿಕಾರಿಗೆ ನಿಮ್ಮ ಹೆಸರು, ವಿಳಾಸ ಬರೆದು ತಿಳಿಸಬೇಕು. ಹಾಗೆ ತಿಳಿಸಿ 45 ದಿನ ಕಳೆಯುವವರೆಗೆ ಕೈ ಬದಲಾಗಬಾರದು. ಕೊಳ್ಳಲು ನಿಮಗೆ ಕೊಟ್ಟಿರುವ ಗಡುವಿನೊಳಗೆ ಇದು ಮುಗಿಯುತ್ತಾ ಲೆಕ್ಕ ಹಾಕಿ.

ಹೊಸನಗರದ ಅಡಿಕೆ:

ಹೋಗಿ ನೋಡಿ ಬಂದೆ. ಹಿರಿಯರು ಬೇಸರಿಸಿಕೊಳ್ಳದೆ ಎಲ್ಲ ತೋರಿಸಿದರು. ಬೋರ್ .32 ಹೌದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪರೀಕ್ಷಾ ಮುದ್ರೆ ಇದೆ, ಆದರೆ ಮಸುಕಾಗಿದೆ. ಬಣ್ಣದ ಕೆಳಗೆ ಗುಳಿಗಳಿವೆ. ನಳಿಗೆಯೊಳಗೆ ಉಂಗುರ ಇಲ್ಲ, ಗುಂಡು ತಿರುಗಿಸುವ ಸುರುಳಿ ಗೀರುಗಳು ಚೆನ್ನಾಗಿ ಕಾಣುತ್ತವೆ. ಕೀಲು ಬಿಗಿ. ಎರಡು ಕೋಣೆ ತಡ, ಉಳಿದ ನಾಲ್ಕು ಸರಿ. ಸಂದು ಮುಂದಕ್ಕೆ ತಳ್ಳಿದಾಗ 0.10, ಹಿಂದಕ್ಕೆ ತಳ್ಳಿದಾಗ 0.30. ಫ್ರೇಮ್ ಮತ್ತು ನಳಿಗೆಯ ನಂಬರ್ ಲೈಸೆನ್ಸಿನ ಜೊತೆ ಹೊಂದುತ್ತದೆ. ಸಿಲಿಂಡರ್ ಮೇಲೆ ಮಾತ್ರ ಬೇರೆ ನಂಬರ್ ಇದೆ. ಅವರಿಗೂ ಇದು ಗೊತ್ತಿರಲಿಲ್ಲ.

ತುಂಗಾತೀರ:

ಉತ್ತರ ಆ ನಂಬರಿನಲ್ಲೇ ಇದೆ ಸರ್. ಸಿಲಿಂಡರ್ ಬೇರೆ ರಿವಾಲ್ವರಿನದು. ಸಿಲಿಂಡರಿನ ಹಿಂದೆ ಹಲ್ಲುಗಳಿರುತ್ತವಲ್ಲ, ಅದನ್ನು ಆಯಾ ರಿವಾಲ್ವರಿನ ತಿರುಗಿಸುವ ತುಂಡಿಗೆ ಕೈಯಿಂದ ಅರ ಹಾಕಿ ಹೊಂದಿಸಿರುತ್ತಾರೆ. ಬೇರೆಯದನ್ನು ತಂದು ಹಾಗೇ ಕೂರಿಸಿದರೆ ಕೆಲವು ಕೋಣೆ ಸರಿ ಬರುತ್ತವೆ, ಕೆಲವು ತಡವಾಗುತ್ತವೆ. ತಿರುಗಿಸುವ ತುಂಡು ಮಾತ್ರ ಸವೆದಿದ್ದರೆ ಸಾಮಾನ್ಯವಾಗಿ ಆರೂ ಕೋಣೆ ತಡವಾಗುತ್ತಿದ್ದವು. ಸಿಲಿಂಡರ್ 0.20 ಮಿ.ಮೀ. ಹಿಂದೆಮುಂದೆ ಆಡುವುದೂ ಇದೇ ಕಥೆ ಹೇಳುತ್ತದೆ.

ಇದು ಸರಿಯಾಗದ ದೋಷವೇನೂ ಅಲ್ಲ. ಫ್ರೇಮ್, ನಳಿಗೆ, ಕೀಲು ಗಟ್ಟಿ ಇವೆ. ಆದರೆ ಲೈಸೆನ್ಸ್ ಇರುವ ರಿಪೇರಿಯವರೇ ಮಾಡಬೇಕು, ಹಳೇ ವೆಬ್ಲಿಯ ಬಿಡಿಭಾಗ ಬೇಕೆಂದಾಗ ಸಿಗುವುದಿಲ್ಲ. ಲೇತ್ ಅಂಗಡಿಯವರ ಕೈಗೆ ದಯವಿಟ್ಟು ಕೊಡಬೇಡಿ.

ಬೆಲೆ ಬಗ್ಗೆ ನೇರವಾಗಿ ಹೇಳುತ್ತೇನೆ. 1980ರ ದಶಕದ ಮಧ್ಯದ ನಂತರ ಖಾಸಗಿಯವರಿಗೆ ಹೊರದೇಶದ ರಿವಾಲ್ವರ್ ತರಿಸುವುದು ತೀರಾ ಕಷ್ಟವಾಯಿತು. ಅದಕ್ಕೇ ಇಂಗ್ಲೆಂಡಿನ ಮುದ್ರೆಗೆ ನಮ್ಮಲ್ಲಿ ಇಷ್ಟು ಬೆಲೆ. ಆ ಬೆಲೆ ಎಲ್ಲ ನಂಬರ್ ಹೊಂದಿರುವ, ಮೂಲ ಬಣ್ಣದ ವೆಬ್ಲಿಗೆ ಸಲ್ಲುತ್ತದೆ. ಬೇರೆ ಸಿಲಿಂಡರ್, ಮರುಬಣ್ಣ, ಕೆಳಗೆ ತುಕ್ಕಿನ ಗುಳಿ ಇರುವುದಕ್ಕೆ ಆ ಬೆಲೆ ಕೊಡಬೇಡಿ. ಈಗಿರುವ ಸ್ಥಿತಿಯಲ್ಲಿ ಕಾನ್ಪುರದ ಹೊಸದರ ಅರ್ಧ ಬೆಲೆಗೂ ನಾನು ಕೊಳ್ಳುವುದಿಲ್ಲ. ಅವರ ಖರ್ಚಿನಲ್ಲೇ ರಿಪೇರಿ ಆಗಿ, ಆರೂ ಕೋಣೆ ಸರಿಯಾಗಿ, ಬಿಲ್ ಕೈಗೆ ಬಂದರೆ ಆಗ ಮಾತಾಡಬಹುದು. ರಿಪೇರಿ ಆಗುವ ತನಕ ಅವರೂ ಅದರಲ್ಲಿ ಗುಂಡು ಹಾರಿಸಬಾರದು, ದಯವಿಟ್ಟು ತಿಳಿಸಿ.

ಹೊಸನಗರದ ಅಡಿಕೆ:

ತಿಳಿಸಿದೆ ಅಣ್ಣ. ರಿಪೇರಿಗೆ ಖರ್ಚು ಮಾಡುವ ಮನಸ್ಸು ಅವರಿಗಿಲ್ಲ, ಠಾಣೆಗೆ ಒಪ್ಪಿಸುತ್ತೇನೆ ಎಂದರು. ನಾನು ಶಿವಮೊಗ್ಗದಲ್ಲಿ ಕಾನ್ಪುರದ .32 ನೋಡುತ್ತೇನೆ. ಹೊಸದಕ್ಕೂ ಇಷ್ಟೆಲ್ಲ ನೋಡಬೇಕಾ?

ತುಂಗಾತೀರ:

ಟೈಮಿಂಗ್ ಮತ್ತು ಸಂದು ಖಂಡಿತ ನೋಡಿ, ಹೊಸದರಲ್ಲೂ ಒಂದಕ್ಕೊಂದು ವ್ಯತ್ಯಾಸ ಇರುತ್ತದೆ. ಅಂಗಡಿಯವರ ಎದುರಿಗೇ ಆರೂ ಕೋಣೆ ನಿಧಾನಕ್ಕೆ ಎಳೆದು ನೋಡಿ, ಎರಡು ಮೂರು ಇದ್ದರೆ ಆರಿಸಿಕೊಳ್ಳಿ. ತೋಟಾ ಕೊಳ್ಳುವಾಗ ಪೆಟ್ಟಿಗೆ ಮೇಲೆ ರಿವಾಲ್ವರಿನ .32 ಲಾಂಗ್ ಎಂದು ಇರಬೇಕು. .32 ಪಿಸ್ತೂಲಿನ ತೋಟಾ ಬೇರೆ, ಅದು ಇದಕ್ಕೆ ಆಗುವುದಿಲ್ಲ.