ಹಳೆಯ ಚರ್ಚಿನಲ್ಲಿ ಮಧ್ಯಾಹ್ನದ ಉಚಿತ ಜಾಝ್ ಕಛೇರಿ: ಸದ್ದು ಕಲಸಿಹೋಗದ ಹಾಗೆ ನುಡಿಸೋದು ಹೇಗೆ?

ಕುಕ್ಕರಹಳ್ಳಿ_ಏರಿ

ಮೈಸೂರಿನ ಒಂದು ಹಳೆಯ ಚರ್ಚಿನಲ್ಲಿ ತಿಂಗಳಿಗೊಮ್ಮೆ, ಊಟದ ಹೊತ್ತಿನಲ್ಲಿ, ಉಚಿತ ಜಾಝ್ ಕಛೇರಿ ಇಡುವ ಯೋಚನೆ ಇದೆ. ಕೀಬೋರ್ಡ್, ಡಬಲ್ ಬೇಸ್, ಡ್ರಮ್ಸ್, ಸ್ಯಾಕ್ಸೊಫೋನ್, ನಾಲ್ಕೇ ಜನ. ಒಳಗೆ ಸುಮಾರು 30 ಮೀಟರ್ ಉದ್ದ, 12 ಅಗಲ, 10 ಎತ್ತರ. ಕಲ್ಲಿನ ನೆಲ, ಗಾರೆ ಗೋಡೆ, ಮರದ ಬೆಂಚು. ಜೋರಾಗಿ ಒಂದು ಚಪ್ಪಾಳೆ ತಟ್ಟಿದರೆ ಸದ್ದು ಅಡಗೋಕೆ 4 ಸೆಕೆಂಡ್ ಹತ್ತಿರ ಬೇಕು. ಡ್ರಮ್ಸ್ ಶುರುವಾದರೆ ಬೇಸ್ ಏನು ನುಡಿಸ್ತಿದೆ ಅಂತಲೇ ತಿಳಿಯಲ್ಲ. ಪಿ.ಎ. ಸಿಸ್ಟಮ್ (ಮೈಕ್, ಮಿಕ್ಸರ್, ಸ್ಪೀಕರ್) ಬಾಡಿಗೆಗೆ ತರೋದಾ? ಅನುಮತಿ ಹೇಗೆ? ಎಷ್ಟು ಹೊತ್ತು ಇಟ್ಟರೆ ಸರಿ?

ಗಾರೆ_ಗೋಡೆ

ಪಿ.ಎ. ಬೇಡ. ಸದ್ದು ಸಾಲದೆ ಆಗಿರೋ ತೊಂದರೆ ಅಲ್ಲ ಇದು, ಸದ್ದು ಹೋಗದೆ ಆಗಿರೋದು. ಸ್ಪೀಕರ್ ಇಟ್ಟರೆ ಗೋಡೆಗೆ ಇನ್ನಷ್ಟು ಸುರಿದ ಹಾಗೆ.

ಲೆಕ್ಕ ನೋಡಿ. ನಿಮ್ಮ ಚರ್ಚಿನ ಗಾತ್ರ 3,600 ಘನ ಮೀಟರ್. ಸಬೀನ್ ಸೂತ್ರದ ಪ್ರಕಾರ ಅನುರಣನದ ಕಾಲ (ಸದ್ದು ಅಡಗೋಕೆ ಹಿಡಿಯೋ ಹೊತ್ತು) = 0.161 × ಗಾತ್ರ ÷ ಒಟ್ಟು ಹೀರಿಕೆ (ಗೋಡೆ, ನೆಲ, ಜನ ಎಲ್ಲ ಸೇರಿ ಸದ್ದು ಹೀರೋ ಪ್ರಮಾಣ). 4 ಸೆಕೆಂಡ್ ಅಂದರೆ ಈಗಿರುವ ಹೀರಿಕೆ ಸುಮಾರು 145 ಚದರ ಮೀಟರ್. ಕೂತ ಒಬ್ಬ ಮನುಷ್ಯ ಹೆಚ್ಚುಕಡಿಮೆ ಅರ್ಧ ಚದರ ಮೀಟರ್ ಹೀರ್ತಾರೆ. 200 ಜನ ಬಂದರೆ 245 ಆಗಿ 2.4 ಸೆಕೆಂಡಿಗೆ ಇಳಿಯುತ್ತೆ, 40 ಜನ ಬಂದರೆ 3.5ರಲ್ಲೇ ನಿಲ್ಲುತ್ತೆ. ಹಾಗಾಗಿ ಜನ ತುಂಬ್ತಾರೆ, ಸರಿಹೋಗುತ್ತೆ ಅಂತ ಕಾಯಬೇಡಿ.

ಸರಿಪಡಿಸಬೇಕಾದ್ದು ದೂರವನ್ನ. ಕೇಳುವವರು ವಾದ್ಯಕ್ಕೆ ಹತ್ತಿರ ಇದ್ದಷ್ಟೂ ಗೋಡೆಯಿಂದ ಬರೋದಕ್ಕಿಂತ ನೇರ ಸದ್ದು ಮುಂದಿರುತ್ತೆ. ಬಲಿಪೀಠದ ಮೆಟ್ಟಿಲು ಬಿಟ್ಟು ಕೆಳಗೆ ಬನ್ನಿ, ಮುಂದಿನ ಬೆಂಚಿಗೆ 3 ಮೀಟರ್ ದೂರದಲ್ಲಿ ಕೂತುಕೊಳ್ಳಿ, ಹಿಂದಿನ ಅರ್ಧ ಬೆಂಚುಗಳಿಗೆ ಹಗ್ಗ ಕಟ್ಟಿ. ಇಷ್ಟರಿಂದ ಸಿಗೋ ಸ್ಪಷ್ಟತೆ ಯಾವ ಮಿಕ್ಸರ್‌ನಿಂದಲೂ ಸಿಗಲ್ಲ.

ಮಾತಿಗೆ ಮಾತ್ರ ಒಂದು ಮೈಕ್, ಕಿವಿ ಎತ್ತರದಲ್ಲಿ ಒಂದು ಸಣ್ಣ ಸ್ಪೀಕರ್. ಕೊನೆಯ ಸ್ವರ ಪೂರ್ತಿ ಅಡಗಿದ ಮೇಲೇ ಬಾಯಿ ತೆರೀಬೇಕು. ಆ ಮೈಕಿಗೂ ಪೊಲೀಸರಿಂದ ಲಿಖಿತ ಅನುಮತಿ ತಗೊಳ್ಳಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಅದು ಬೇಕು, ಶಾಲೆ, ಆಸ್ಪತ್ರೆಗಳ ಸುತ್ತಿನ 100 ಮೀಟರನ್ನ ಸರ್ಕಾರ ನಿಶ್ಶಬ್ದ ವಲಯ ಅಂತ ಘೋಷಿಸಿದೆಯಾ ಅಂತಲೂ ಕೇಳಿಕೊಳ್ಳಿ.

ಬ್ರಷ್_ಮತ್ತು_ಕಡ್ಡಿ

ಡ್ರಮ್ಸ್ ಬಗ್ಗೆ. ದಪ್ಪ ಕಡ್ಡಿ ಮನೇಲೇ ಬಿಟ್ಟು ಬನ್ನಿ, ಬ್ರಷ್ ಸಾಕು. 18 ಇಂಚಿನ ಬೇಸ್ ಡ್ರಮ್, ಒಳಗೆ ಮಡಿಸಿದ ಕಂಬಳಿ, ಅದು ಚರ್ಮಕ್ಕೆ ತಾಗಿರಬೇಕು. ರೈಡ್ ಸಿಂಬಲ್ ಒಂದೇ ಇರಲಿ. ಕ್ರ್ಯಾಶ್ ಸಿಂಬಲ್ ಬೇಡವೇ ಬೇಡ, ಒಂದು ಏಟಿಗೆ ಮುಂದಿನ ಎಷ್ಟೋ ತಾಳವನ್ನ ಅದು ನುಂಗುತ್ತೆ. ಕೆಳಗೆ ಜಮಖಾನ ಹಾಸಿ. ಇಡೀ ಚರ್ಚಿನ ಅನುರಣನಕ್ಕೆ ಅದರಿಂದ ದೊಡ್ಡ ವ್ಯತ್ಯಾಸ ಆಗಲ್ಲ, ಆದರೆ ನೆಲದಿಂದ ಚಿಮ್ಮೋ ಸದ್ದು ಕಡಿಮೆಯಾಗುತ್ತೆ, ಕಲ್ಲಿನ ಮೇಲೆ ಪೆಡಲ್ ಜಾರಲ್ಲ.

ಲಯ ತಪ್ಪೋದಕ್ಕೆ ಒಂದು ಕಾರಣ ಇದೆ. ಹಿಂದಿನ ಗೋಡೆ 25 ಮೀಟರ್ ದೂರ ಇದ್ದರೆ ಸದ್ದು ಹೋಗಿ ಬರೋಕೆ ಸುಮಾರು 145 ಮಿಲಿಸೆಕೆಂಡ್. ಆ ಪ್ರತಿಧ್ವನಿಯನ್ನ ಹಿಡಿದು ನುಡಿಸಿದರೆ ತಂಡ ಮೆಲ್ಲಗೆ ಹಿಂದಕ್ಕೆ ಎಳೀತಾ ಹೋಗುತ್ತೆ. ನಾಲ್ವರೂ ಎರಡು ಮೀಟರ್ ಒಳಗೆ ಅರ್ಧಚಂದ್ರಾಕಾರದಲ್ಲಿ ಕೂತು, ಡ್ರಮ್ಮರ್ ಕಣ್ಣನ್ನ ಬೇಸ್ ನುಡಿಸುವವರ ಬಲಗೈ ಮೇಲೆ ಇಟ್ಟಿರಬೇಕು.

ವೇಗ ನಿಮಿಷಕ್ಕೆ 70ರಿಂದ 120 ತಾಳ. ನಿಮಿಷಕ್ಕೆ 200ಕ್ಕೆ ಹೋದರೆ ಒಂದು ತಾಳ 300 ಮಿಲಿಸೆಕೆಂಡ್, ಮೂರು ಸೆಕೆಂಡ್ ಅನುರಣನದಲ್ಲಿ ಹತ್ತು ತಾಳ ಒಂದರ ಮೇಲೊಂದು ಕೂರುತ್ತೆ. ಬೀಬಾಪ್‌ನಂಥ ವೇಗದ ಜಾಝ್ ಇಲ್ಲಿಗಲ್ಲ. ನಿಧಾನದ ಬ್ಲೂಸ್, ಬ್ಯಾಲಡ್, ಅಮೆರಿಕದ ಕಪ್ಪು ಜನರ ಭಕ್ತಿಗೀತೆಗಳಾದ ಸ್ಪಿರಿಚುಯಲ್‌ಗಳಿಗೆ ಇದಕ್ಕಿಂತ ಚೆಂದದ ಜಾಗ ಬೇರೆ ಇಲ್ಲ, ಸ್ಯಾಕ್ಸೊಫೋನಿನ ಒಂದು ಉದ್ದ ಸ್ವರವೇ ತೇಲಿ ಚಾವಣಿ ತುಂಬುತ್ತೆ.

ಕೀಬೋರ್ಡಿನವರು ಮೊದಲು ಅದರೊಳಗಿನ ರಿವರ್ಬ್ (ಕೃತಕ ಅನುರಣನ) ಆಫ್ ಮಾಡಲಿ, ಬಹಳ ಜನ ಮರೆಯೋದು ಇದನ್ನೇ. ಸಸ್ಟೇನ್ ಪೆಡಲ್ ಮುಟ್ಟೋದು ಬೇಡ, ಎಡಗೈಯಲ್ಲಿ ಸ್ವರಮೇಳದ (ಕಾರ್ಡ್) ಮೂರನೇ ಮತ್ತು ಏಳನೇ ಸ್ವರ ಎರಡೇ ಸಾಕು. ಡಬಲ್ ಬೇಸ್‌ಗೆ ಆಂಪ್ (ಆಂಪ್ಲಿಫೈಯರ್) ಬೇಕೇ ಆದರೆ ಕುರ್ಚಿ ಮೇಲಿಟ್ಟು 100ರಿಂದ 200 ಹರ್ಟ್ಝ್ ನಡುವೆ ಇಳಿಸಿ, ಬಟ್ಟೆ, ಜಮಖಾನ ಯಾವುದೂ ಆ ಮಂದ್ರವನ್ನ ಹೀರಲ್ಲ.

ಸೋಮವಾರದ_ಸ್ವರ

ಅನುಮತಿ ವಿಷಯ ಮೊದಲು ನೋಡಿ, ಕ್ಯಾಥೊಲಿಕ್ ಚರ್ಚಾದರೆ ನಿಮ್ಮ ‘ತಿಂಗಳಿಗೊಮ್ಮೆ’ ಅನ್ನೋದೇ ಅಡ್ಡ ಬರುತ್ತೆ. ಚರ್ಚುಗಳಲ್ಲಿನ ಕಛೇರಿಗಳ ಬಗ್ಗೆ ವ್ಯಾಟಿಕನ್ 1987ರ ನವೆಂಬರ್ 5ರಂದು ಒಂದು ಪತ್ರ ಹೊರಡಿಸಿದೆ. ಅದರ ಪ್ರಕಾರ ಧರ್ಮಾಧ್ಯಕ್ಷರ (ಬಿಷಪ್) ಅನುಮತಿ ಒಂದೊಂದು ಕಛೇರಿಗೂ ಬೇರೆ ಬೇರೆ, ಸರಣಿಗೆ ಒಟ್ಟಾಗಿ ಇಲ್ಲ. ಸಂಗೀತ ಪವಿತ್ರವೋ ಧಾರ್ಮಿಕವೋ ಆಗಿರಬೇಕು. ದಿನ, ಹೊತ್ತು, ಕೃತಿಗಳ ಪಟ್ಟಿ ಬರವಣಿಗೆಯಲ್ಲಿ ಮುಂಚೆಯೇ ಕೊಡಬೇಕು. ಪ್ರವೇಶ ಉಚಿತ. ವಾದಕರು ಬಲಿಪೀಠದ ಆವರಣದಲ್ಲಿ ಕೂರಬಾರದು, ಪರಮಪ್ರಸಾದವನ್ನ (ಪೂಜೆಯ ಪವಿತ್ರ ರೊಟ್ಟಿ) ಆದಷ್ಟೂ ಪಕ್ಕದ ಪ್ರಾರ್ಥನಾಲಯಕ್ಕೋ ಬೇರೆ ಸುರಕ್ಷಿತ ಜಾಗಕ್ಕೋ ಒಯ್ದಿಡಬೇಕು. ಸಂತ ಫಿಲೋಮಿನಾದಂಥ ದೊಡ್ಡ ಕೆಥೆಡ್ರಲ್ ಮನಸ್ಸಿನಲ್ಲಿದ್ದರೆ ಇದನ್ನೆಲ್ಲ ಗಮನದಲ್ಲಿಡಿ. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟೆಂಟ್) ಚರ್ಚಿಗೆ ಈ ಪತ್ರ ಅನ್ವಯಿಸಲ್ಲ, ಅಲ್ಲಿ ಸಭಾಪಾಲಕರನ್ನೂ ಸಭೆಯ ಸಮಿತಿಯನ್ನೂ ಕೇಳಿ.

ಜಾಝ್ ಅಂದಕೂಡಲೇ ಚರ್ಚಿನವರು ಹಿಂಜರಿದರೆ ಅಮೆರಿಕದ ಜಾಝ್ ಸಂಯೋಜಕ ಡ್ಯೂಕ್ ಎಲಿಂಗ್ಟನ್ ಹೆಸರು ಹೇಳಿ. ಅವರ ಮೊದಲ ಪವಿತ್ರ ಕಛೇರಿ 1965ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗ್ರೇಸ್ ಕೆಥೆಡ್ರಲ್‌ನಲ್ಲೇ ನಡೆದದ್ದು, ಅದು ಆಂಗ್ಲಿಕನ್ ಪಂಥದ ಎಪಿಸ್ಕೋಪಲ್ ಸಭೆಯದು. ಸ್ಪಿರಿಚುಯಲ್‌ಗಳಂತೂ ಪ್ರಾರ್ಥನೆಯಿಂದಲೇ ಹುಟ್ಟಿದವು, ಪಟ್ಟಿಯಲ್ಲಿ ಅವನ್ನು ಮೊದಲು ಬರೆಯಿರಿ.

ಹಕ್ಕುಸ್ವಾಮ್ಯ: 1957ರ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿರೋ ವಿನಾಯಿತಿ ಹವ್ಯಾಸಿ ಸಂಘಗಳಿಗೆ. ಸಂಭಾವನೆ ಪಡೆಯುವ ವಾದಕರಿದ್ದರೆ, ಟಿಕೆಟ್ ಇಲ್ಲ ಅನ್ನೋದನ್ನೇ ನಂಬಿ ಕೂರಬೇಡಿ, ಸಂಗೀತ ರಚನೆಕಾರರ ಹಕ್ಕುಗಳನ್ನ ನೋಡಿಕೊಳ್ಳೋ ಐ.ಪಿ.ಆರ್.ಎಸ್. ಸಂಸ್ಥೆಯ ಪರವಾನಗಿ ತಗೊಳ್ಳಿ.

ಕುಕ್ಕರಹಳ್ಳಿ_ಏರಿ

ತುಂಬಾ ಉಪಕಾರ ಆಯ್ತು. ಹೊತ್ತಿನ ಬಗ್ಗೆಯೂ ಹೇಳಿ. ಮಾರ್ಚಿನ ಸೆಕೆಗೆ ಫ್ಯಾನ್ ಹಾಕಲೇಬೇಕಲ್ಲ?

ಗಾರೆ_ಗೋಡೆ

40 ನಿಮಿಷ, ಒಂದು ನಿಮಿಷ ಹೆಚ್ಚಿಲ್ಲ. ಆರು ನಿಮಿಷದ ಐದು ಕೃತಿ, ನಡುವೆ ಎರಡೆರಡು ನಿಮಿಷ ಮಾತು. ವಾಪಸ್ ಕೆಲಸಕ್ಕೆ ಹೋಗುವವರು ಗಡಿಯಾರ ನೋಡೋ ಹಾಗಾದರೆ ಮುಂದಿನ ಸಲ ಬರಲ್ಲ. 12ಕ್ಕೆ ತ್ರಿಕಾಲ ಪ್ರಾರ್ಥನೆಯ ಗಂಟೆ ಇರಬಹುದು, 1 ಗಂಟೆ ದಾಟಿದ ಮೇಲೆ ಶುರು ಮಾಡಿ. ಬಾಗಿಲಲ್ಲಿ ಒಬ್ಬರು ನಿಂತು ತಡವಾಗಿ ಬಂದವರನ್ನ ಕೃತಿ ಮುಗಿದ ಮೇಲಷ್ಟೇ ಒಳಗೆ ಬಿಡಲಿ. ಮಾರ್ಚ್ ಅಂದರೆ ತಪಸ್ಸು ಕಾಲವೂ (ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು) ಹೌದು, ಈಸ್ಟರ್ ಆದ ಮೇಲೆ ಇಟ್ಟುಕೊಳ್ಳಿ.

ವಾದಕರ ತಲೆ ಮೇಲಿನ ಫ್ಯಾನ್ ಮಾತ್ರ ಆಫ್, ಉಳಿದವು ಕಡಿಮೆ ವೇಗದಲ್ಲಿ ಇರಲಿ. ಸ್ವರಲಿಪಿ ಹಾಳೆಗೆ ಬಟ್ಟೆ ಕ್ಲಿಪ್, ಸ್ಟ್ಯಾಂಡಿಗೆ ಎರಡರಂತೆ. ಕೀಬೋರ್ಡ್, ಆಂಪ್ ಎರಡಕ್ಕೂ ಒಂದೇ ಪ್ಲಗ್ ಪಾಯಿಂಟಿನಿಂದ ಕರೆಂಟ್ ಕೊಡಿ, ಬೇರೆ ಬೇರೆ ಗೋಡೆಯಿಂದ ಎಳೆದರೆ ಅರ್ಥಿಂಗ್ ವ್ಯತ್ಯಾಸಕ್ಕೆ ಗುಂಯ್ ಅನ್ನುತ್ತೆ, ಆ ಕಟ್ಟಡದಲ್ಲಿ ಅದೂ ಕೊನೆಯ ಬೆಂಚಿನವರೆಗೆ ಕೇಳಿಸುತ್ತೆ.